ಅದೇ ಔಷಧಿ, ಬೇರೆ ಕಂಪನಿ: ಜೆನೆರಿಕ್ ಮಾತ್ರೆಗಳ ಗುಣಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತ್ರೆಗಳನ್ನು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಅದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: "ಹಾಗಾದ್ರೆ ಯಾವ ಕಂಪನಿ ಮಾತ್ರೆ ಒಳ್ಳೇದು ಹೇಳಿ." ಒಂದು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಷ್ಟು ವರ್ಷ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದ್ದೇನೆ, ಕೇಳಿದವರ ಮಾತಿನಲ್ಲೇ. ನಾನು ಡಾಕ್ಟರ್ ಅಲ್ಲ. ನಿಮ್ಮ ಡೋಸ್ ಎಷ್ಟಿರಬೇಕು ಅನ್ನುವ ತಂಟೆಗೆ ನಾನು ಹೋಗುವುದಿಲ್ಲ.

## ಮೊದಲಿನಿಂದ ಶುರು ಮಾಡೋಣ

ಜೆನೆರಿಕ್ ಅಂದ್ರೆ ಡೂಪ್ಲಿಕೇಟ್ ಮಾತ್ರೆನಾ?

ಅಲ್ಲ. ಔಷಧಿಯನ್ನು ಮೊದಲು ಕಂಡುಹಿಡಿದ ಕಂಪನಿಗೆ ಒಂದಷ್ಟು ವರ್ಷ ಪೇಟೆಂಟ್ ಇರುತ್ತದೆ. ಅದು ಮುಗಿದ ಮೇಲೆ ಬೇರೆಯವರೂ ಅದೇ ಔಷಧಿ ತಯಾರಿಸಬಹುದು. ಅದು ಜೆನೆರಿಕ್. ಮೊದಲ ಕಂಪನಿ ಸಾವಿರಾರು ರೋಗಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಇವರು ಮತ್ತೆ ಮಾಡಬೇಕಿಲ್ಲ. ನಮ್ಮ ಮಾತ್ರೆಯೂ ಮೂಲ ಮಾತ್ರೆಯಷ್ಟೇ ಔಷಧಿಯನ್ನು, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರಿಸುತ್ತದೆ ಅಂತ ತೋರಿಸಿದರೆ ಸಾಕು. ಅಮೆರಿಕದಲ್ಲಿ 1984ರ ಕಾನೂನು ಈ ದಾರಿಯನ್ನು ಅಗಲ ಮಾಡಿತು. ಡೂಪ್ಲಿಕೇಟ್ ಮಾತ್ರೆಯ ಕಥೆ ಬೇರೆ, ಅದಕ್ಕೆ ಕೆಳಗೆ ಬೇರೆ ಪ್ರಶ್ನೆಯೇ ಇದೆ.

ಒಳಗಿರೋ ಔಷಧಿ ಒಂದೇ ಅಂತೀರಿ. ಮತ್ತೆ ವ್ಯತ್ಯಾಸ ಎಲ್ಲಿಂದ ಬರುತ್ತೆ?

ಮಾತ್ರೆ ಅಂದರೆ ಬರೀ ಔಷಧಿ ಅಲ್ಲ. 5 ಮಿ.ಗ್ರಾಂ. ಮಾತ್ರೆಯನ್ನು ತೂಕಕ್ಕೆ ಹಾಕಿದರೆ 100 ಮಿ.ಗ್ರಾಂ. ಇದ್ದರೂ ಇರಬಹುದು. ಮಿಕ್ಕಿದ್ದೆಲ್ಲ ಲ್ಯಾಕ್ಟೋಸ್, ಪಿಷ್ಟ, ಸೆಲ್ಯುಲೋಸ್, ಅಂಟು, ಬಣ್ಣ. ಈ ತುಂಬುಸಾಮಾನು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಔಷಧಿಯ ಪುಡಿಯನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಅದರ ಹರಳು ಯಾವ ಥರದ್ದು, ಪಂಚ್ ಮಾಡುವಾಗ ಎಷ್ಟು ಒತ್ತಿದ್ದಾರೆ, ಮೇಲಿನ ಕೋಟಿಂಗ್ ಎಷ್ಟು ದಪ್ಪ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ತುಂಬುಸಾಮಾನು ಸುಮ್ನೆ ಜಾಗ ತುಂಬಲು ಇರುವುದು ಅಂದುಕೊಂಡವರಿಗೆ ನಾನು ಯಾವಾಗಲೂ ಹೇಳುವ ಒಂದು ಘಟನೆ ಇದೆ. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಓಲಾಡತೊಡಗಿದರು. ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸುಲ್‌ನಲ್ಲಿದ್ದ ಔಷಧಿಯ ಪ್ರಮಾಣವೂ ಬದಲಾಗಿರಲಿಲ್ಲ. ಹುಡುಕಿದರೆ, ಕಂಪನಿಯವರು ಒಳಗಿನ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದ್ದರು, ಅಷ್ಟೇ. ಹಳೆಯ ಪುಡಿ ಇದ್ದಾಗ ಔಷಧಿಯ ಒಂದು ಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತಿತ್ತು. ಡಾಕ್ಟರುಗಳು ಅದಕ್ಕೆ ತಕ್ಕಂತೆ ಡೋಸ್ ಹೊಂದಿಸಿದ್ದರು. ಲ್ಯಾಕ್ಟೋಸ್ ಬಂದ ಮೇಲೆ ಆ ಪಾಲೂ ಒಳಗೆ ಸೇರಿತು, ರಕ್ತದಲ್ಲಿ ಔಷಧಿ ವಿಷದ ಮಟ್ಟಕ್ಕೆ ಏರಿತು.

1971ರಲ್ಲಿ ಹೃದಯದ ಔಷಧಿ ಡಿಗಾಕ್ಸಿನ್‌ನಲ್ಲೂ ಇಂಥದ್ದೇ ಕಂಡುಬಂತು. ಬೇರೆ ಬೇರೆ ತಯಾರಕರ ಮಾತ್ರೆ, ಒಂದೇ ಡೋಸ್, ಆದರೆ ರಕ್ತದ ಮಟ್ಟದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸ. ಮಾತ್ರೆ ಎಷ್ಟು ಬೇಗ ಕರಗುತ್ತದೆ ಅನ್ನುವುದನ್ನು ಇವತ್ತು ಇಷ್ಟು ಕಟ್ಟುನಿಟ್ಟಾಗಿ ನೋಡುವುದಕ್ಕೆ ಇಂಥ ಘಟನೆಗಳೇ ಕಾರಣ.

ಜೆನೆರಿಕ್‌ನಲ್ಲಿ ಔಷಧಿ 20 ಪರ್ಸೆಂಟ್ ಕಡಿಮೆ ಹಾಕಿದ್ರೂ ಪಾಸ್ ಅಂತೆ, ಹೌದಾ?

ಇಲ್ಲ. ಶೇ. 80ರಿಂದ 125 ಅನ್ನುವ ಅಂಕಿ ನಿಜ, ಅರ್ಥ ಮಾಡಿಕೊಂಡಿರುವುದು ತಪ್ಪು. ಅದು ಮಾತ್ರೆಯೊಳಗಿನ ಔಷಧಿಯ ಅಳತೆಯೇ ಅಲ್ಲ.

ನಡೆಯುವುದು ಹೀಗೆ. ಸಾಮಾನ್ಯವಾಗಿ 24ರಿಂದ 36 ಜನ ಆರೋಗ್ಯವಂತರನ್ನು ಸೇರಿಸುತ್ತಾರೆ. ಅರ್ಧ ಜನ ಮೊದಲು ಮೂಲ ಮಾತ್ರೆ, ಕೆಲವು ದಿನ ಬಿಟ್ಟು ಜೆನೆರಿಕ್ ತಗೊಳ್ಳುತ್ತಾರೆ. ಉಳಿದವರದು ಉಲ್ಟಾ. ಪ್ರತಿ ಸಲವೂ ಗಂಟೆಗಟ್ಟಲೆ ರಕ್ತ ತೆಗೆದು ಎರಡು ವಿಷಯ ನೋಡುತ್ತಾರೆ: ಒಟ್ಟು ಎಷ್ಟು ಔಷಧಿ ರಕ್ತಕ್ಕೆ ಬಂತು, ಗರಿಷ್ಠ ಮಟ್ಟ ಎಷ್ಟಾಯಿತು. ಎರಡು ಮಾತ್ರೆಗಳ ಅನುಪಾತ ತೆಗೆದರೆ ಒಂದು ಸರಾಸರಿ ಸಿಗುತ್ತದೆ. ಅದರ ಆಚೆ ಈಚೆ "ನಿಜವಾದ ಅನುಪಾತ ಇಷ್ಟರಿಂದ ಇಷ್ಟರೊಳಗೆ ಇರಬಹುದು" ಅನ್ನುವ ಒಂದು ಅಂಕಿಗಳ ಪಟ್ಟಿ ಬರುತ್ತದೆ, ಶೇ. 90ರ ಭರವಸೆಯ ಪಟ್ಟಿ. ಆ ಇಡೀ ಪಟ್ಟಿ 80 ಮತ್ತು 125ರ ನಡುವೆ ಕೂರಬೇಕು. ಸರಾಸರಿಯೇ 80ರ ಹತ್ತಿರ ಇದ್ದರೆ ಪಟ್ಟಿಯ ಬಾಲ ಹೊರಗೆ ಚಾಚುತ್ತದೆ, ಮಾತ್ರೆ ಫೇಲ್.

ಪಾಸಾದವರ ಲೆಕ್ಕವೂ ಇದೆ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಜೆನೆರಿಕ್‌ಗೂ ಮೂಲ ಮಾತ್ರೆಗೂ ಸರಾಸರಿ ವ್ಯತ್ಯಾಸ ಗರಿಷ್ಠ ಮಟ್ಟದಲ್ಲಿ ಶೇ. 4.35, ಒಟ್ಟು ಪ್ರಮಾಣದಲ್ಲಿ ಶೇ. 3.56 ಇತ್ತು. (ಒಂದು ಕಡೆ 80 ಆದರೆ ಇನ್ನೊಂದು ಕಡೆ 120 ಇರಬೇಕಿತ್ತಲ್ಲ ಅಂತ ಕೇಳುವವರಿಗೆ: ಇದು ಅನುಪಾತ. 80ನ್ನು 100ರಿಂದ ಭಾಗಿಸಿದ್ದನ್ನು ತಿರುಗಿಸಿದರೆ 1.25 ಬರುತ್ತದೆ.)

ರೇಟು ಕಡಿಮೆ ಅಂದ್ರೆ ಕ್ವಾಲಿಟಿನೂ ಕಡಿಮೆ ಅಲ್ವಾ?

ನೇರ ಸಂಬಂಧ ಇಲ್ಲ. ಸಂಶೋಧನೆಯ ಖರ್ಚಿಲ್ಲ, ಜಾಹೀರಾತಿಲ್ಲ, ಹತ್ತು ಜನ ಅದನ್ನೇ ಮಾರುತ್ತಿದ್ದಾರೆ, ಅದಕ್ಕೇ ಅಗ್ಗ. ಆದರೆ ಪೂರ್ತಿ ಸಂಬಂಧವೇ ಇಲ್ಲ ಅಂತಲೂ ಹೇಳಲಾರೆ. ಪೈಪೋಟಿಯಲ್ಲಿ ಬೆಲೆ ಪಾತಾಳಕ್ಕೆ ಇಳಿದಾಗ ಹಳೇ ಯಂತ್ರ ಬದಲಾಯಿಸುವುದು, ಲ್ಯಾಬ್‌ಗೆ ಇನ್ನಿಬ್ಬರನ್ನು ಸೇರಿಸಿಕೊಳ್ಳುವುದು, ಇಂಥ ಖರ್ಚುಗಳೇ ಮೊದಲು ಮುಂದಕ್ಕೆ ಹೋಗುತ್ತವೆ. ಬೆಲೆ ನೋಡಿ ಮಾತ್ರೆಯ ಗುಣ ಹೇಳಲು ಆಗುವುದಿಲ್ಲ, ಅಷ್ಟು ಗೊತ್ತಿದ್ದರೆ ಸಾಕು.

ಹಾಗಾದ್ರೆ ಬ್ರ್ಯಾಂಡೆಡ್ ತಗೊಂಡುಬಿಟ್ರೆ ತಲೆನೋವೇ ಇಲ್ಲ ಅಲ್ವಾ?

ರಿಟೊನಾವಿರ್ ಕಥೆ ಕೇಳಿ. ಎಚ್‌ಐವಿ ಔಷಧಿ, ಪೇಟೆಂಟ್ ಇದ್ದ ಮೂಲ ಕಂಪನಿಯದ್ದು. 1998ರಲ್ಲಿ ಇದ್ದಕ್ಕಿದ್ದಂತೆ ಆ ಔಷಧಿ ಬೇರೆ ರೂಪದ ಹರಳಾಗಿ ಗಟ್ಟಿಯಾಗತೊಡಗಿತು. ಅಣು ಅದೇ, ಆದರೆ ಹೊಸ ಹರಳು ಸರಿಯಾಗಿ ಕರಗುತ್ತಿರಲಿಲ್ಲ. ಕ್ಯಾಪ್ಸುಲ್‌ಗಳನ್ನೇ ಮಾರುಕಟ್ಟೆಯಿಂದ ತೆಗೆದು, ಬೇರೆ ರೀತಿಯಲ್ಲಿ ತಯಾರಿಸಿ ತರಬೇಕಾಯಿತು. ಮೂಲ ಕಂಪನಿಗಳ ಮಾತ್ರೆಗಳನ್ನೂ ಆಗಾಗ ವಾಪಸ್ ಕರೆಯುತ್ತಾರೆ. ಇನ್ನೊಂದು ವಿಷಯ: ಕೆಲವು ಮೂಲ ಕಂಪನಿಗಳು ಅದೇ ಮಾತ್ರೆಯನ್ನು ಹೆಸರು ಬದಲಾಯಿಸಿ ಜೆನೆರಿಕ್ ಅಂತಲೂ ಮಾರುತ್ತವೆ. ಅದೇ ಕಾರ್ಖಾನೆ, ಅದೇ ಯಂತ್ರ, ಪೆಟ್ಟಿಗೆ ಮಾತ್ರ ಬೇರೆ.

## ಕೈಯಲ್ಲಿ ಸ್ಟ್ರಿಪ್ ಹಿಡಿದಾಗ

ಕಂಪನಿ ಬದಲಾದ ಮೇಲೆ ಮಾತ್ರೆ ಕೆಲಸನೇ ಮಾಡ್ತಿಲ್ಲ ಅನ್ನಿಸ್ತಿದೆ. ನನ್ನ ಭ್ರಮೆನಾ?

ಇರಬಹುದು, ಇಲ್ಲದೆಯೂ ಇರಬಹುದು. "ಇದು ಸರಿ ಇಲ್ಲ" ಅಂದುಕೊಂಡು ನುಂಗಿದ ಮಾತ್ರೆ ನಿಜವಾಗಿಯೂ ತೊಂದರೆ ಕೊಟ್ಟ ಹಾಗೆ ಅನ್ನಿಸುತ್ತದೆ. ಇದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ, ನಾಚಿಕೆಪಡುವಂಥದ್ದೇನೂ ಇಲ್ಲ. ಹಾಗಂತ "ಎಲ್ಲ ನಿಮ್ಮ ಮನಸ್ಸಿನದು" ಅಂತ ರೋಗಿಯ ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೋಗಿಗಳ ದೂರೇ ಸರಿ ಅಂತ ಆಮೇಲೆ ಗೊತ್ತಾದದ್ದೂ ಇದೆ, ಖಿನ್ನತೆಯ ಔಷಧಿಯೊಂದರ ಆ ಕಥೆ ಮುಂದೆ ಬರುತ್ತದೆ.

ಅಳೆಯಲು ಆಗುವಂಥದ್ದಿದ್ದರೆ ಅಳೆಯಿರಿ. ಬಿಪಿ, ಶುಗರ್, ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ), ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅನ್ನುವ ಪರೀಕ್ಷೆ), ಇವಕ್ಕೆ ಕಂಪನಿಯ ಹೆಸರು ಗೊತ್ತಿರುವುದಿಲ್ಲ. ಅಳೆಯಲು ಆಗದ್ದಾದರೆ ದಿನಾ ಎರಡು ಸಾಲು ಬರೆದಿಡಿ: ಎಷ್ಟು ಹೊತ್ತಿಗೆ ನುಂಗಿದ್ದು, ಎಷ್ಟು ಹೊತ್ತಿಗೆ ತೊಂದರೆ ಆಗಿದ್ದು, ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರ್. ಎರಡು ವಾರದ ಈ ಚೀಟಿ ತೋರಿಸಿದರೆ ಡಾಕ್ಟರ್ ನಿಮ್ಮ ಮಾತನ್ನು ಬೇರೆ ರೀತಿಯಲ್ಲೇ ಕೇಳುತ್ತಾರೆ. ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ಹೋದ ತಿಂಗಳು ಬಿಳಿ, ಈ ತಿಂಗಳು ಗುಲಾಬಿ. ತಪ್ಪು ಮಾತ್ರೆ ಕೊಟ್ಟಿದ್ದಾರಾ?

ಮೊದಲು ಔಷಧಿಯ ಹೆಸರು ಮತ್ತು ಮಿ.ಗ್ರಾಂ. ಎರಡನ್ನೂ ಹಳೆಯ ಸ್ಟ್ರಿಪ್ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಇದ್ದರೆ ಕಂಪನಿ ಬದಲಾಗಿದೆ, ಅಷ್ಟೇ. ಹೊಂದದಿದ್ದರೆ ನುಂಗಬೇಡಿ, ಕೊಟ್ಟವರನ್ನು ಕೇಳಿ. ಬಣ್ಣ ಅಂದರೆ ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಣ್ಣ ಅಥವಾ ಆಕಾರ ಬದಲಾದಾಗ ಜನ ಮಾತ್ರೆ ಬಿಟ್ಟುಬಿಡುವುದು ಜಾಸ್ತಿ ಅಂತ ಫಿಟ್ಸ್ ಇರುವವರಲ್ಲೂ, ಹೃದಯಾಘಾತ ಆದವರಲ್ಲೂ ಅಧ್ಯಯನಗಳು ತೋರಿಸಿವೆ. ವಯಸ್ಸಾದವರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ: ಹೊಸದು ಬೇರೆ ಔಷಧಿ ಅಂದುಕೊಂಡು ಹಳೆಯದನ್ನೂ ಹೊಸದನ್ನೂ ಎರಡನ್ನೂ ನುಂಗುತ್ತಾರೆ. ನನ್ನ ಮಟ್ಟಿಗೆ ಕಂಪನಿಗಳ ನಡುವಿನ ಗುಣಮಟ್ಟದ ವ್ಯತ್ಯಾಸಕ್ಕಿಂತ ಇದು ದೊಡ್ಡ ಅಪಾಯ.

ಸ್ಟ್ರಿಪ್ ಮೇಲೆ ಎರಡು ಕಂಪನಿ ಹೆಸರಿದೆ. ಯಾರು ಮಾಡಿದ್ದು ಇದನ್ನ?

"ತಯಾರಿಸಿದವರು" ಅಂತ ಇರುವುದೇ ಕಾರ್ಖಾನೆ. "ಮಾರಾಟ ಮಾಡುವವರು" ಅಂತ ದೊಡ್ಡಕ್ಷರದಲ್ಲಿ ಇರುವುದು ಹೆಸರು ಹಾಕಿಕೊಂಡವರು. ಬಹಳ ಕಂಪನಿಗಳು ಬೇರೆಯವರ ಕಾರ್ಖಾನೆಯಲ್ಲಿ ಮಾತ್ರೆ ಮಾಡಿಸಿ ತಮ್ಮ ಹೆಸರು ಅಂಟಿಸುತ್ತವೆ. ಹಾಗಾಗಿ ನೀವು "ಬೇರೆ ಬೇರೆ ಕಂಪನಿ" ಅಂದುಕೊಂಡ ಎರಡು ಸ್ಟ್ರಿಪ್ ಒಂದೇ ಯಂತ್ರದಿಂದ ಉದುರಿರಬಹುದು. ಮಾತ್ರೆಯೊಳಗಿನ ಔಷಧಿಯ ಪುಡಿಯಂತೂ ಅನೇಕ ಕಂಪನಿಗಳಿಗೆ ಕೆಲವೇ ಕಾರ್ಖಾನೆಗಳಿಂದ ಹೋಗುತ್ತದೆ, ಆ ಕಾರ್ಖಾನೆಗಳ ಹೆಸರು ಸಾಮಾನ್ಯವಾಗಿ ಸ್ಟ್ರಿಪ್ ಮೇಲೆ ಇರುವುದೇ ಇಲ್ಲ.

ಎರಡು ಕಂಪನಿ ಮಾತ್ರೆ ನೀರಿಗೆ ಹಾಕಿದೆ. ಒಂದು ಕರಗಿತು, ಇನ್ನೊಂದು ಹಾಗೇ ಇದೆ. ಇದು ಸಾಕಲ್ವಾ ಪ್ರೂಫ್?

ಸಾಲದು. ಲ್ಯಾಬ್‌ನಲ್ಲಿ ನಾನು ದಿನಾ ಮಾಡುತ್ತಿದ್ದುದು ಇದನ್ನೇ, ಆದರೆ ನಿಯಮ ಇಟ್ಟುಕೊಂಡು. ಆರು ದುಂಡುತಳದ ಗಾಜಿನ ಪಾತ್ರೆ, ಒಂದೊಂದರಲ್ಲಿ ಸಾಮಾನ್ಯವಾಗಿ 900 ಮಿ.ಲೀ. ದ್ರವ, 37 ಡಿಗ್ರಿ ಬಿಸಿ. ಹೊಟ್ಟೆಯ ಹಾಗಿರಲಿ ಅಂತ ಕೆಲವಕ್ಕೆ ಆಮ್ಲ, ಕರುಳಿನ ಹಾಗಿರಲಿ ಅಂತ ಕೆಲವಕ್ಕೆ ಬಫರ್, ಅಂದರೆ ಆಮ್ಲದ ಮಟ್ಟ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ. ಮೇಲಿನಿಂದ ಪ್ಯಾಡಲ್ ನಿಮಿಷಕ್ಕೆ 50 ಸುತ್ತು ತಿರುಗುತ್ತಿರುತ್ತದೆ. ಆರರಲ್ಲೂ ಒಂದೊಂದು ಮಾತ್ರೆ ಬಿಟ್ಟು, 30 ನಿಮಿಷಕ್ಕೋ 45 ನಿಮಿಷಕ್ಕೋ ದ್ರವ ತೆಗೆದು, ಎಷ್ಟು ಔಷಧಿ ಕರಗಿದೆ ಅಂತ ಯಂತ್ರದಲ್ಲಿ ನೋಡಬೇಕು.

ಒಮ್ಮೆ ಒಂದೇ ಔಷಧಿಯ ಎರಡು ಕಂಪನಿಯ ಮಾತ್ರೆಗಳನ್ನು ಅಕ್ಕಪಕ್ಕ ಓಡಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು, ಬಿದ್ದ ಮೂರೇ ನಿಮಿಷಕ್ಕೆ ಹತ್ತಿ ಹಿಂಜಿದ ಹಾಗೆ ಚೆದುರಿಹೋಯಿತು. ಇನ್ನೊಂದು ಸೋಪಿನ ಬಿಲ್ಲೆ ಸವೆದ ಹಾಗೆ ಸುತ್ತಲಿಂದ ನಿಧಾನವಾಗಿ ಸವೆಯುತ್ತಾ ಕೂತಿತ್ತು. ಇದು ಫೇಲೇ ಅಂತ ನಾನು ಮನಸ್ಸಿನಲ್ಲೇ ಬರೆದುಬಿಟ್ಟಿದ್ದೆ. ಮೂವತ್ತನೇ ನಿಮಿಷಕ್ಕೆ ನೋಡಿದರೆ ಎರಡೂ ಆರಾಮಾಗಿ ಪಾಸ್. ಪುಡಿಯಾಗುವುದೇ ಬೇರೆ, ಕರಗುವುದೇ ಬೇರೆ. ಲೋಟದಲ್ಲಿ ಹಾಕಿದ ತಣ್ಣೀರಿಗೆ ಇವೆರಡರಲ್ಲಿ ಒಂದನ್ನೂ ಸರಿಯಾಗಿ ಹೇಳಲು ಬರುವುದಿಲ್ಲ.

ಮಲದಲ್ಲಿ ಇಡೀ ಮಾತ್ರೆ ಹಾಗೇ ಬಂತು! ಕರಗದೇ ಇರೋ ಮಾತ್ರೆನಾ?

ಇಆರ್, ಎಕ್ಸ್‌ಆರ್, ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ) ಅಂತ ಬರೆದಿದ್ದರೆ ಗಾಬರಿ ಬೇಡ. ಅಂಥ ಕೆಲವು ಮಾತ್ರೆಗಳ ಗಟ್ಟಿ ಚಿಪ್ಪಿನಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತಿರುತ್ತದೆ. ಔಷಧಿ ಅದರಿಂದ ಹೊರಗೆ ಹೋಗುತ್ತದೆ, ಖಾಲಿ ಚಿಪ್ಪು ಹಾಗೇ ಬರುತ್ತದೆ. ಸಾಮಾನ್ಯ ಮಾತ್ರೆ ಹೀಗೆ ಇಡಿಯಾಗಿ ಬಂದರೆ ಮಾತ್ರ ಡಾಕ್ಟರಿಗೆ ಹೇಳಿ.

ಕಣ್ಣಿಗೆ, ಮೂಗಿಗೆ ಗೊತ್ತಾಗುವಂಥ ತಪ್ಪು ಏನೂ ಇಲ್ವಾ?

ಕೆಲವು ಇವೆ. ಆಸ್ಪಿರಿನ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ತೇವ ತಾಗಿ ಔಷಧಿ ಒಡೆಯುತ್ತಿದೆ ಅಂತ. ಮಾತ್ರೆ ಮೇಲೆ ಚುಕ್ಕೆ, ಬಿರುಕು, ಅಂಟಿಕೊಂಡ ಕ್ಯಾಪ್ಸುಲ್, ಸ್ಟ್ರಿಪ್‌ನಲ್ಲಿ ಮಾತ್ರೆಯೇ ಇಲ್ಲದ ಖಾಲಿ ಗುಂಡಿ, ಇಂಜೆಕ್ಷನ್‌ನಲ್ಲಿ ತೇಲುವ ಕಣ, ಇವೆಲ್ಲ ದೂರು ಕೊಡಬೇಕಾದವು. ಆದರೆ ಇದರಲ್ಲಿ ಅರ್ಧ ತಪ್ಪು ಇಟ್ಟ ಜಾಗದ್ದು. ಬಚ್ಚಲುಮನೆಯ ಕಪಾಟಿನಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರೆ ಇಟ್ಟು ಕಂಪನಿಯನ್ನು ಬೈಯಬೇಡಿ.

## ಯಾವ ಔಷಧಿಗೆ ಹುಷಾರಾಗಿರಬೇಕು

ಯಾವ ಮಾತ್ರೆಗೆ ಕಂಪನಿ ಬದಲಾಯಿಸಲೇಬಾರದು?

"ಲೇಬಾರದು" ಅನ್ನುವ ಪಟ್ಟಿ ಇಲ್ಲ. ಬದಲಾಯಿಸಿದರೆ ಕಣ್ಣಿಟ್ಟಿರಬೇಕು ಅನ್ನುವ ಪಟ್ಟಿ ಇದೆ. ಕೆಲವು ಔಷಧಿಗಳಲ್ಲಿ ಸ್ವಲ್ಪ ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಸ್ವಲ್ಪ ಜಾಸ್ತಿಯಾದರೆ ವಿಷ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಫಿಟ್ಸ್‌ನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಡಿಗಾಕ್ಸಿನ್, ಕಿಡ್ನಿ ಕಸಿಯಾದವರು ತಗೊಳ್ಳುವ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೊರಿನ್, ಥೈರಾಯ್ಡ್‌ನ ಲೆವೊಥೈರಾಕ್ಸಿನ್. ಯುರೋಪಿನಲ್ಲಿ ಇಂಥವುಗಳಿಗೆ 80–125ರ ಬದಲು ಸುಮಾರು 90–111ರ ಬಿಗಿ ಅಳತೆ ಬಳಸುತ್ತಾರೆ. ಕಸಿಯಾದವರು ಡಾಕ್ಟರಿಗೆ ಹೇಳದೆ ಕಂಪನಿ ಬದಲಾಯಿಸಬೇಡಿ. ಇದೊಂದರಲ್ಲಿ ನಾನು ರಾಜಿ ಆಗಲ್ಲ.

ಥೈರಾಯ್ಡ್ ಮಾತ್ರೆ ಕಂಪನಿ ಬದಲಾಯ್ತು, ಸುಸ್ತು ಶುರುವಾಯ್ತು. ಏನ್ ಮಾಡ್ಲಿ?

ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಿಸಿ. ಅದಕ್ಕೂ ಮೊದಲು ನೋಡಿಸಿದರೆ ಅಂಕಿ ಇನ್ನೂ ಸ್ಥಿರವಾಗಿರುವುದಿಲ್ಲ. ಲೆವೊಥೈರಾಕ್ಸಿನ್ ಬೆಳಕು, ತೇವ, ಬಿಸಿ ಯಾವುದನ್ನೂ ತಡೆಯುವುದಿಲ್ಲ. ಮಾತ್ರೆಯಲ್ಲಿರುವ ಪ್ರಮಾಣವೂ ಮೈಕ್ರೊಗ್ರಾಂ ಲೆಕ್ಕದ್ದು. ಅದಕ್ಕೇ ಎಫ್‌ಡಿಎ 2007ರಲ್ಲಿ ಇದರ ಅಳತೆ ಬಿಗಿ ಮಾಡಿ, ಎಕ್ಸ್‌ಪೈರಿವರೆಗೂ ಹೇಳಿದ ಪ್ರಮಾಣದ ಶೇ. 95ರಿಂದ 105ರೊಳಗೇ ಇರಬೇಕು ಅಂದಿತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಒಂದು ಜೆನೆರಿಕ್ ತಯಾರಕರಿಂದ ಇನ್ನೊಬ್ಬರಿಗೆ ಬದಲಾದವರ ಟಿಎಸ್‌ಎಚ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಆದರೆ 2017ರಲ್ಲಿ ಫ್ರಾನ್ಸ್‌ನಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿ ಬ್ರ್ಯಾಂಡ್ ಕಂಪನಿಯೇ ತನ್ನ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲ ಹಾಕಿತು. ಔಷಧಿ ಹೆಚ್ಚು ದಿನ ಕೆಡದೆ ಇರಲಿ ಅಂತ ಮಾಡಿದ ಬದಲಾವಣೆ ಅದು, ಪರೀಕ್ಷೆಗಳಲ್ಲಿ ಪಾಸೂ ಆಗಿತ್ತು. ಆದರೂ ಸಾವಿರಾರು ಜನ ತಲೆಸುತ್ತು, ಸುಸ್ತು, ಕೂದಲು ಉದುರುವುದು ಅಂತ ದೂರು ಕೊಟ್ಟರು. ಗುಂಪಿನ ಸರಾಸರಿ ಸರಿ ಇದ್ದರೂ ಒಬ್ಬೊಬ್ಬರ ಮೈ ಬೇರೆ ಉತ್ತರ ಕೊಡಬಹುದು ಅನ್ನುವವರೂ, ಸುದ್ದಿ ಹಬ್ಬಿದ್ದೇ ಕಾರಣ ಅನ್ನುವವರೂ ಇದ್ದಾರೆ. ನನಗೆ ಅನ್ನಿಸುವುದು ಎರಡೂ ಸ್ವಲ್ಪ ಸ್ವಲ್ಪ.

ಫಿಟ್ಸ್ ಮಾತ್ರೆ ಕಂಪನಿ ಬದಲಾಯಿಸಿದ್ರೆ ಫಿಟ್ಸ್ ಬರುತ್ತೆ ಅಂತಾರಲ್ಲ?

ಈ ಭಯದಿಂದಲೇ ಲಾಮೊಟ್ರಿಜಿನ್ ಔಷಧಿಯನ್ನು ಅಮೆರಿಕದಲ್ಲಿ ನೇರವಾಗಿ ಪರೀಕ್ಷಿಸಿದರು. ಒಂದಕ್ಕೊಂದು ಅತಿ ಹೆಚ್ಚು ವ್ಯತ್ಯಾಸ ಇರಬಹುದು ಅನ್ನಿಸಿದ ಎರಡು ಜೆನೆರಿಕ್‌ಗಳನ್ನು ಬೇಕೆಂದೇ ಆರಿಸಿ, ಫಿಟ್ಸ್ ಇರುವವರಿಗೇ ಅದಲು ಬದಲು ಮಾಡಿ ಕೊಟ್ಟರು. ರಕ್ತದ ಮಟ್ಟ ಎರಡರಲ್ಲೂ ಸಮ ಬಂತು. ಇದರಿಂದ ಲಾಮೊಟ್ರಿಜಿನ್ ಬಗ್ಗೆ ನನಗೆ ಧೈರ್ಯ ಇದೆ. ಫೆನಿಟಾಯಿನ್ ಬಗ್ಗೆ ಅಷ್ಟೇ ಧೈರ್ಯವಾಗಿ ಹೇಳಲಾರೆ. ಅದರಲ್ಲಿ ಡೋಸ್ ಸ್ವಲ್ಪ ಏರಿದರೂ ರಕ್ತದ ಮಟ್ಟ ಒಮ್ಮೆಲೇ ಜಿಗಿಯುತ್ತದೆ.

ದಿನಕ್ಕೊಂದೇ ತಗೊಳ್ಳೋ ಎಕ್ಸ್‌ಎಲ್ ಮಾತ್ರೆಗಳಲ್ಲಿ ತೊಂದರೆ ಜಾಸ್ತಿ ಅಂತಾರೆ, ನಿಜಾನಾ?

ನಿಜ. ಇಲ್ಲಿ ತಯಾರಕರ ಕೈಚಳಕ ಎದ್ದು ಕಾಣುತ್ತದೆ. ಔಷಧಿಯನ್ನು ಇಡೀ ದಿನಕ್ಕೆ ಹಂಚುವ ವ್ಯವಸ್ಥೆ ಒಬ್ಬೊಬ್ಬರದು ಒಂದೊಂದು. ಒಬ್ಬರದು ಪಸೆ ಹಿಡಿಯುವ ಜೆಲ್, ಒಬ್ಬರದು ತೆಳು ಪೊರೆ, ಒಬ್ಬರದು ತೂತಿರುವ ಚಿಪ್ಪು.

ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್‌ನ 300 ಮಿ.ಗ್ರಾಂ. ಜೆನೆರಿಕ್ ಒಂದಕ್ಕೆ 2006ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮನುಷ್ಯರ ಮೇಲೆ ಪರೀಕ್ಷೆ ಆಗಿದ್ದು 150 ಮಿ.ಗ್ರಾಂ. ಮಾತ್ರೆಯದ್ದು. ಅದು ಸರಿ ಇದ್ದರೆ ಇದೂ ಸರಿ ಇರುತ್ತದೆ ಅನ್ನುವ ಲೆಕ್ಕ. ತಲೆನೋವು, ತಳಮಳ, ಖಿನ್ನತೆ ಮರುಕಳಿಸಿದ್ದು, ಹೀಗೆ ದೂರುಗಳು ಬರುತ್ತಲೇ ಇದ್ದವು. ಕೊನೆಗೆ ಎಫ್‌ಡಿಎ ತಾನೇ 300ರ ಮಾತ್ರೆಯನ್ನು ಪರೀಕ್ಷೆ ಮಾಡಿಸಿತು. ಫೇಲ್. 2012ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ದೂರು ಕೊಟ್ಟವರಿಗೆ ಎಷ್ಟು ವರ್ಷ "ನಿಮ್ಮ ಕಾಯಿಲೆಯೇ ಹಾಗೆ" ಅನ್ನುವ ಉತ್ತರ ಸಿಕ್ಕಿರಬೇಕು ನೋಡಿ. 2014ರಲ್ಲಿ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಕೊಡುವ ಮೀಥೈಲ್‌ಫೆನಿಡೇಟ್‌ನ ಎರಡು ಕಂಪನಿಯ ದೀರ್ಘಾವಧಿ ಮಾತ್ರೆಗಳಿಗೂ "ಮೂಲ ಮಾತ್ರೆಗೆ ಸಮ" ಅನ್ನುವ ದರ್ಜೆ ಹೋಯಿತು. ಕೆಲವರಲ್ಲಿ ನುಂಗಿ ಏಳು ಗಂಟೆಯ ನಂತರ ಔಷಧಿ ಬೇಕಾದಷ್ಟು ವೇಗದಲ್ಲಿ ಬರುತ್ತಿರಲಿಲ್ಲ.

ಇನ್‌ಹೇಲರ್, ಪ್ಯಾಚ್ ಇವಕ್ಕೂ ಇದೇ ಮಾತಾ?

ಇವುಗಳಲ್ಲಿ ಸಾಧನವೂ ಔಷಧಿಯ ಭಾಗ. ಇನ್‌ಹೇಲರ್ ಕಂಪನಿ ಬದಲಾದರೆ ಎಳೆದುಕೊಳ್ಳುವ ರೀತಿಯೇ ಬದಲಾಗಬಹುದು, ಕೊಟ್ಟವರ ಹತ್ತಿರ ಒಮ್ಮೆ ಮಾಡಿ ತೋರಿಸಿ. ಇನ್ಸುಲಿನ್‌ನಂಥ, ಜೀವಕೋಶಗಳಿಂದ ತಯಾರಿಸುವ ಜೈವಿಕ ಔಷಧಿಗಳನ್ನು ಇನ್ನೊಂದು ಕಂಪನಿ ತಯಾರಿಸುವುದಕ್ಕೆ ನಿಯಮವೇ ಬೇರೆ, ಈ ಪುಟದ ಮಾತು ಅವಕ್ಕೆ ಹೊಂದುವುದಿಲ್ಲ.

## ಇನ್ನೂ ಸ್ವಲ್ಪ ಒಳಗೆ

ಎಲ್ಲ ಜೆನೆರಿಕ್‌ಗಳೂ ಬ್ರ್ಯಾಂಡ್‌ಗೆ ಸಮ ಅಂದ್ರೆ, ಒಂದಕ್ಕೊಂದೂ ಸಮ ತಾನೇ?

ಕೇಳಬೇಕಾದ ಪ್ರಶ್ನೆ ಇದು. ಲಾಮೊಟ್ರಿಜಿನ್‌ನಂಥ ಅಪರೂಪದ ಅಧ್ಯಯನ ಬಿಟ್ಟರೆ, ಅವುಗಳನ್ನು ಒಂದಕ್ಕೊಂದು ಹೋಲಿಸಿ ಸಾಮಾನ್ಯವಾಗಿ ಯಾರೂ ನೋಡಿರುವುದಿಲ್ಲ. ಒಂದು ಜೆನೆರಿಕ್ ಮೂಲ ಮಾತ್ರೆಗಿಂತ ಶೇ. 6 ಕೆಳಗಿದೆ, ಇನ್ನೊಂದು ಶೇ. 6 ಮೇಲಿದೆ ಅಂದುಕೊಳ್ಳಿ. ಇಬ್ಬರೂ ನ್ಯಾಯವಾಗಿ ಪಾಸ್. ಆದರೆ ಮೊದಲನೆಯದರಿಂದ ಎರಡನೆಯದಕ್ಕೆ ಹೋದವರಿಗೆ ವ್ಯತ್ಯಾಸ ಶೇ. 12ಕ್ಕಿಂತ ತುಸು ಜಾಸ್ತಿ. ಬಿಪಿ, ಅಸಿಡಿಟಿ ಮಾತ್ರೆಯಲ್ಲಿ ಇದು ಗೊತ್ತೂ ಆಗುವುದಿಲ್ಲ. ಟ್ಯಾಕ್ರೊಲಿಮಸ್‌ನಲ್ಲಿ ಗೊತ್ತಾಗಬಹುದು. ಅದಕ್ಕೇ ಆ ಪಟ್ಟಿಯ ಔಷಧಿಗಳಿಗೆ ನಾನು ಹೇಳುವುದು: ಒಳ್ಳೆಯ ಕಂಪನಿ ಹುಡುಕುತ್ತಾ ಅಲೆಯುವುದಕ್ಕಿಂತ, ಸರಿಹೋದ ಒಂದು ಕಂಪನಿಗೆ ಅಂಟಿಕೊಂಡಿರುವುದು ಮೇಲು.

ಮನುಷ್ಯರ ಮೇಲೆ ಟೆಸ್ಟೇ ಮಾಡದೆ ಪಾಸ್ ಮಾಡ್ತಾರಂತೆ ಕೆಲವನ್ನ?

ಹೌದು, ತಪ್ಪೇನಿಲ್ಲ. ನೀರಿನಲ್ಲಿ ಚೆನ್ನಾಗಿ ಕರಗುವ ಔಷಧಿಯಾಗಿದ್ದು, ಮಾತ್ರೆಯೂ ಹೊಟ್ಟೆಯಲ್ಲಿ ಚಕ್ಕನೆ ಕರಗಿದರೆ, ಆಮೇಲೆ ಅದು ಯಾವ ಕಂಪನಿಯದ್ದು ಅಂತ ಕರುಳಿಗೆ ಗೊತ್ತಾಗುವುದಿಲ್ಲ. ಅಂಥ ಎಷ್ಟೋ ಔಷಧಿಗಳಿಗೆ ಪಾತ್ರೆಯಲ್ಲಿ ಕರಗುವ ಪರೀಕ್ಷೆಯೇ ಸಾಕು ಅಂತ ನಿಯಮ ಇದೆ.

ವಾಲ್ಸಾರ್ಟನ್‌ನಲ್ಲಿ ಕ್ಯಾನ್ಸರ್ ಕಾರಕ ಸಿಕ್ಕಿತಲ್ಲ, ಅಷ್ಟು ವರ್ಷ ಲ್ಯಾಬ್‌ನವರು ಏನ್ ಮಾಡ್ತಿದ್ರು?

ನನ್ನ ಹಳೆಯ ಸಹೋದ್ಯೋಗಿಗಳನ್ನೂ ಕಾಡಿದ ಪ್ರಶ್ನೆ. ವಾಲ್ಸಾರ್ಟನ್ ಅಂದರೆ ಬಿಪಿ ಔಷಧಿ. ಚೀನಾದ ಒಂದು ಕಾರ್ಖಾನೆ ಅದರ ಪುಡಿ ತಯಾರಿಸುವ ವಿಧಾನವನ್ನು 2012ರಲ್ಲಿ ಬದಲಾಯಿಸಿತು. ಹೊಸ ದ್ರಾವಕದಲ್ಲಿದ್ದ ಸಣ್ಣ ಅಂಶವೊಂದು ಕೊನೆಯಲ್ಲಿ ಬಳಸುವ ನೈಟ್ರೈಟ್ ಅನ್ನುವ ರಾಸಾಯನಿಕದ ಜೊತೆ ಸೇರಿ ಎನ್‌ಡಿಎಂಎ ಆಗುತ್ತಿತ್ತು, ನೀವು ಕೇಳಿದ ಕ್ಯಾನ್ಸರ್ ಕಾರಕ ಅದೇ. ಸಿಕ್ಕಿದ್ದು 2018ರಲ್ಲಿ. ಲ್ಯಾಬ್‌ನವರು ನಿದ್ದೆ ಮಾಡುತ್ತಿರಲಿಲ್ಲ, ಅದನ್ನು ಹುಡುಕುತ್ತಿರಲಿಲ್ಲ ಅಷ್ಟೇ. ನಾವು ಓಡಿಸುವ ಪರೀಕ್ಷೆಗಳು ನಿರೀಕ್ಷಿತ ಕಲ್ಮಶಗಳಿಗೆ ಮಾಡಿದವು. ದಶಲಕ್ಷಕ್ಕೆ ಕೆಲವು ಭಾಗದಷ್ಟಿರುವ, ಯಾರೂ ಊಹಿಸದ ಪದಾರ್ಥ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಕಾರ್ಖಾನೆಯ ಪುಡಿ ಎಷ್ಟೋ ಕಂಪನಿಗಳಿಗೆ ಹೋಗಿತ್ತು, ಎಲ್ಲರೂ ಒಟ್ಟಿಗೆ ವಾಪಸ್ ಕರೆಯಬೇಕಾಯಿತು.

ಅಸಿಡಿಟಿಗೆ ಕೊಡುವ ರಾನಿಟಿಡಿನ್ ಕಥೆ ಬೇರೆ. ಅಲ್ಲಿ ಔಷಧಿಯ ಅಣುವೇ ದಿನ ಕಳೆದ ಹಾಗೆ, ಬಿಸಿ ತಾಗಿದ ಹಾಗೆ ಎನ್‌ಡಿಎಂಎ ಬಿಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬ್ರ್ಯಾಂಡ್, ಜೆನೆರಿಕ್ ಎಲ್ಲವನ್ನೂ ತೆಗೆಯಿರಿ ಅಂತ ಎಫ್‌ಡಿಎ ಹೇಳಿತು.

ಇನ್‌ಸ್ಪೆಕ್ಷನ್ ಎಲ್ಲ ಆಗುತ್ತಲ್ಲ, ಆದ್ರೂ ಕೆಟ್ಟ ಮಾತ್ರೆ ಹೇಗೆ ಆಚೆ ಬರುತ್ತೆ?

ಬ್ಯಾಚ್‌ನಲ್ಲಿ ಲಕ್ಷಗಟ್ಟಲೆ ಮಾತ್ರೆ, ಪರೀಕ್ಷೆಗೆ ಬರುವುದು ಬೆರಳೆಣಿಕೆಯಷ್ಟು. ಪರೀಕ್ಷೆ ಮಾಡಿದ ಮಾತ್ರೆ ಉಳಿಯುವುದೂ ಇಲ್ಲ. ಹಾಗಾಗಿ ನಂಬಿಕೆ ಇರುವುದು ತಯಾರಿಯ ಮೇಲೆ, ದಾಖಲೆಯ ಮೇಲೆ. ದಾಖಲೆಯೇ ಸುಳ್ಳಾದರೆ ಎಲ್ಲ ಮುಗಿಯಿತು. 2013ರಲ್ಲಿ ಭಾರತದ ಔಷಧಿ ಕಂಪನಿ ರ‍್ಯಾನ್‌ಬ್ಯಾಕ್ಸಿಯ ಅಮೆರಿಕದ ಘಟಕ ಕಳಪೆ ಔಷಧಿ ಮತ್ತು ಸುಳ್ಳು ಹೇಳಿಕೆಗಳ ಆರೋಪವನ್ನು ಅಲ್ಲಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡು, ಒಟ್ಟು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಸುಳ್ಳು ಯಾವಾಗಲೂ ಅಷ್ಟು ದೊಡ್ಡದಾಗಿ ಶುರುವಾಗುವುದಿಲ್ಲ. ಆರು ಪಾತ್ರೆಯಲ್ಲಿ ಐದು ಪಾಸ್, ಒಂದು ಫೇಲ್. ಸಂಜೆ ಲಾರಿ ಹೊರಡಬೇಕು. ಮೇಲಿನವರು ಬಂದು ಹೇಳುತ್ತಾರೆ, "ಬಬಲ್ ಸಿಕ್ಕಿರಬೇಕು, ಇನ್ನೊಂದು ಸಲ ಓಡಿಸಿ ನೋಡಿ." ನಾನೇ ಕೇಳಿಸಿಕೊಂಡ ಮಾತು. ಕೆಲವೊಮ್ಮೆ ನಿಜವಾಗಿಯೂ ಬಬಲ್ ಸಿಕ್ಕಿರುತ್ತದೆ. ಕಾರಣ ಹುಡುಕಿ, ಬರೆದಿಟ್ಟು, ಆಮೇಲೆ ಮತ್ತೆ ಓಡಿಸಿದರೆ ಅದು ಲ್ಯಾಬ್. ಮೊದಲ ಫಲಿತಾಂಶ ಅಳಿಸಿ ಪಾಸ್ ಬರುವವರೆಗೆ ಓಡಿಸುವ ಕಡೆ ಲ್ಯಾಬ್ ಇಲ್ಲ ಅಂತಲೇ ಲೆಕ್ಕ. ಒಳ್ಳೆಯ ತಯಾರಕರಿಗೂ ಕೆಟ್ಟವರಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಯಂತ್ರದ್ದಲ್ಲ, ಇದರದು.

ಕಳಪೆ ಮಾತ್ರೆ, ನಕಲಿ ಮಾತ್ರೆ ಎರಡೂ ಒಂದೇ ಅಲ್ವಾ?

ಅಲ್ಲ. ಒಪ್ಪಿಗೆ ಇರುವ ಕಾರ್ಖಾನೆಯಲ್ಲೇ ಅಳತೆ ತಪ್ಪಿದ್ದು ಕಳಪೆ. ಬೇರೆಯವರ ಹೆಸರು ಅಂಟಿಸಿ ಮೋಸ ಮಾಡಿದ್ದು ನಕಲಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎರಡೂ ಸೇರಿ ಹತ್ತರಲ್ಲಿ ಒಂದರಷ್ಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ನಕಲಿಯವರಿಗೆ ಜೆನೆರಿಕ್ ಮೇಲೆ ಅಂಥ ಪ್ರೀತಿಯೇನೂ ಇಲ್ಲ, ದುಬಾರಿ ಬ್ರ್ಯಾಂಡ್ ನಕಲು ಮಾಡಿದರೆ ಲಾಭ ಜಾಸ್ತಿ.

ಸರ್ಟಿಫಿಕೇಟ್ ಇರೋ ಕಂಪನಿ ಅಂದ್ರೆ ನಂಬಬಹುದಾ? ಕೊನೆಗೆ ಹೆಸರಾದ್ರೂ ಹೇಳಿ!

ಹೆಸರು ಹೇಳಲ್ಲ. ಹೇಳಿದರೆ ತಪ್ಪಾಗುತ್ತದೆ ಅಂತ ಹೇಳಲ್ಲ. ಒಂದೇ ಕಂಪನಿಗೆ ಐದಾರು ಕಾರ್ಖಾನೆ ಇರುತ್ತವೆ. ಒಂದರಲ್ಲಿ ನೆಲ ಕನ್ನಡಿಯ ಹಾಗೆ, ಇನ್ನೊಂದಕ್ಕೆ ಎಚ್ಚರಿಕೆಯ ಪತ್ರ ಬಂದಿರುತ್ತದೆ. ಸರ್ಟಿಫಿಕೇಟ್ ಕೊಡುವುದು ಕಾರ್ಖಾನೆಗೆ, ಅದೂ ತಪಾಸಣೆ ನಡೆದ ದಿನದ ಸ್ಥಿತಿ ನೋಡಿ. ಎಫ್‌ಡಿಎ ತನ್ನ ಎಚ್ಚರಿಕೆ ಪತ್ರಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಸ್ಟ್ರಿಪ್ ಮೇಲಿನ ಕಾರ್ಖಾನೆಯ ಹೆಸರು ಹಾಕಿ ಹುಡುಕಿದರೆ ಕಂಪನಿಯ ಜಾಹೀರಾತಿಗಿಂತ ಜಾಸ್ತಿ ವಿಷಯ ಸಿಗುತ್ತದೆ. ಅದರಲ್ಲೂ ಓದುವಾಗ ನೋಡಿ: ಗೋಡೆಯ ಬಣ್ಣ ಕಿತ್ತುಹೋಗಿದೆ ಅನ್ನುವುದು ಒಂದು ಥರದ ತಪ್ಪು, ಕಂಪ್ಯೂಟರ್‌ನಿಂದ ಫಲಿತಾಂಶ ಅಳಿಸಿದ್ದಾರೆ ಅನ್ನುವುದು ಇನ್ನೊಂದು ಥರದ್ದು. ಎರಡನೆಯದನ್ನು ಕಂಡರೆ ನಾನು ಮಾತ್ರೆ ಬದಲಾಯಿಸುತ್ತೇನೆ.

ನನ್ನ ಬ್ಯಾಚ್ ವಾಪಸ್ ಕರೆದಿದ್ದಾರೆ. ಇವತ್ತಿನ ಮಾತ್ರೆ ನುಂಗ್ಲಾ, ಬೇಡ್ವಾ?

ಮೊದಲು ಬ್ಯಾಚ್ ನಂಬರ್ ಅಕ್ಷರ ಅಕ್ಷರ ಹೋಲಿಸಿ. ಅದೇ ಕಂಪನಿಯ ಬೇರೆ ಬ್ಯಾಚ್ ಆಗಿದ್ದರೆ ನಿಮಗೆ ಸಂಬಂಧವಿಲ್ಲ. ಆಮೇಲೆ ಯಾಕೆ ಕರೆದಿದ್ದಾರೆ ಅಂತ ನೋಡಿ. ಡಬ್ಬಿಯಲ್ಲಿ ಬೇರೆ ಔಷಧಿ ಸೇರಿದೆ, ಕಣ್ಣಿನ ಡ್ರಾಪ್ಸ್ ಅಥವಾ ಇಂಜೆಕ್ಷನ್‌ನಲ್ಲಿ ಸೋಂಕಿದೆ ಅಂದರೆ ಅಲ್ಲಿಗೇ ನಿಲ್ಲಿಸಿ, ತಕ್ಷಣ ಬದಲಿ ತಗೊಳ್ಳಿ. ಆದರೆ ವಾಲ್ಸಾರ್ಟನ್ ಸಮಯದಲ್ಲಿ ಎಫ್‌ಡಿಎ ಹೇಳಿದ್ದು ಬೇರೆ: ಬದಲಿ ಕೈಗೆ ಬರುವವರೆಗೆ ಅದನ್ನೇ ತಗೊಳ್ಳುತ್ತಿರಿ. ಅವರ ಅಂದಾಜಿನಲ್ಲಿ ಅತಿ ಹೆಚ್ಚಿನ ಡೋಸ್ ಅನ್ನು 8,000 ಜನ ನಾಲ್ಕು ವರ್ಷ ತಗೊಂಡರೆ ಒಂದು ಕ್ಯಾನ್ಸರ್ ಜಾಸ್ತಿಯಾಗಬಹುದಿತ್ತು. ಬಿಪಿ ಮಾತ್ರೆ ಒಮ್ಮೆಲೇ ಬಿಟ್ಟರೆ ಅಪಾಯ ಅದಕ್ಕಿಂತ ಹತ್ತಿರದಲ್ಲಿತ್ತು. ಸ್ಟ್ರಿಪ್ ಎಸೆಯಬೇಡಿ, ಅಂಗಡಿಗೆ ತಗೊಂಡು ಹೋಗಿ. ಬ್ಯಾಚ್ ನಂಬರ್ ಇರುವ ತುದಿಯನ್ನು ಕತ್ತರಿಸಿದ್ದರೆ ನಿಮ್ಮದು ಯಾವ ಬ್ಯಾಚ್ ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಹಾಗಾಗಿ ಮುಂದಿನ ಸಲದಿಂದ ಮಾತ್ರೆಗಳನ್ನು ಇನ್ನೊಂದು ತುದಿಯಿಂದ ತೆಗೆಯಿರಿ.